ಒಂದೇ ಮಗ್ಗಲಿಗೆ ಮಲಗುವ ಮಗು

ಹುನಗುಂದ ಸೀಮೆಯ ರಾಮಥಾಳವನ್ನು ಹೊರಗಿನವರು ಬಲ್ಲದ್ದು ಹನಿ ನೀರಾವರಿಯಿಂದ. 24,000 ಹೆಕ್ಟೇರಿನ ಆ ಯೋಜನೆಗೆ ಈ ಊರಿನದೇ ಹೆಸರು. ಎರೆಹೊಲಗಳ ಅಡಿಯಲ್ಲಿ ಪೈಪುಗಳು ಹರಡಿಕೊಂಡಿವೆ. ಆದರೆ ಈ ಸೀಮೆಯ ದುಡಿಮೆ ಹೊಲದಲ್ಲಿಯೇ ಮುಗಿಯುವುದಿಲ್ಲ. ಇಳಕಲ್ಲ ಕಡೆಯ ಕೆಂಪು ಗ್ರಾನೈಟ್ ಕ್ವಾರಿಗಳಲ್ಲಿ ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದವರಿದ್ದಾರೆ. ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿ, ತಗಡಿನ ಶೆಡ್ಡಿನಲ್ಲಿ ಒತ್ತೊತ್ತಾಗಿ ಮಲಗಿ ಬಂದವರಿದ್ದಾರೆ. ಮಗುವಿನ ಎದೆಯ ಕಾಯಿಲೆಗೂ ಇವರಿಗೂ ಏನು ಸಂಬಂಧ ಎಂದು ಕೇಳುವವರು ತಾಲ್ಲೂಕು ಆಸ್ಪತ್ರೆಯ ಬೆಂಚಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅಂಥ ಬೆಂಚಿನ ಮೇಲೆ ಕೂತ ಹತ್ತು ಹನ್ನೆರಡರ ಹುಡುಗಿಯೊಬ್ಬಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆನ್ನು ನೆಟ್ಟಗಿಲ್ಲ, ಬಲಕ್ಕೆ ವಾಲಿದೆ. ಉಸಿರು ತುಂಡು ತುಂಡು. ಸಂಜೆಯಾದರೆ ಮೈ ಬಿಸಿ. ರೊಟ್ಟಿ ಅರ್ಧಕ್ಕೇ ಬಿಡುತ್ತಾಳೆ, ರಾತ್ರಿ ಬಲ ಮಗ್ಗಲು ಬಿಟ್ಟು ಹೊರಳುವುದಿಲ್ಲ.

“ಮೊದಲ ಪಕ್ಕಡಿ ಚುಚ್ಚತೈತಿ ಅಂತಿದ್ಲರೀ ಸಾಹೇಬ್ರ. ಈಗ ಅದು ಕಡಿಮಿ ಆಗೇತಿ. ಆದ್ರ ನಾಕ ಹೆಜ್ಜಿ ನಡದ್ರ ದಮ್ಮ ಬರತೈತಿ,” ಎನ್ನುತ್ತಾಳೆ ತಾಯಿ.

ನೋವು ಕಡಿಮೆಯಾಯಿತೆಂದು ಮನೆಯವರು ಸಮಾಧಾನಪಡುವ ಹೊತ್ತಿಗೇ ವೈದ್ಯರ ಕಿವಿ ನಿಮಿರುತ್ತದೆ. ಶ್ವಾಸಕೋಶವನ್ನು ಸುತ್ತಿದ ಎರಡು ತೆಳು ಪೊರೆಗಳು ಉರಿಯೂತದಿಂದ ಒಂದಕ್ಕೊಂದು ಉಜ್ಜಿದಾಗ ಆ ಚುಚ್ಚುನೋವು. ನಡುವೆ ನೀರು ತುಂಬಿ ಅವು ಬೇರೆಯಾದರೆ ನೋವು ಹಿಂದೆ ಸರಿದು ದಮ್ಮು ಮುಂದೆ ಬರುತ್ತದೆ.

“ಬಾ ತಂಗಿ, ಈ ಕಡೆ ಕೂಡು. ‘ಒಂದು, ಒಂದು’ ಅನ್ನವಾ.”

ಹುಡುಗಿ ಅನ್ನುತ್ತಾಳೆ. ಎಡಬೆನ್ನಿನ ಮೇಲಿಟ್ಟ ಅಂಗೈಗೆ ಆ ದನಿಯ ಕಂಪನ ತಾಕುತ್ತದೆ, ಬಲಕ್ಕೆ ಬಂದರೆ ಮಾಯ. ಇನ್ನು ಬೆರಳಿನ ಕೆಲಸ. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಒತ್ತಿ, ಬಲಗೈಯ ಬೆರಳಿನಿಂದ ಅದರ ಮೇಲೆ ಟಕ್ ಟಕ್. ಮೇಲೆ ಟೊಳ್ಳು ಸದ್ದು. ಕೆಳಗಿಳಿದಂತೆ ಕಲ್ಲು ಬಡಿದಂತೆ ಮಂದ. 1761ರಲ್ಲಿ ವಿಯೆನ್ನಾದ ಔವೆನ್‌ಬ್ರುಗ್ಗರ್ ಎಂಬ ವೈದ್ಯ ಬರೆದಿಟ್ಟ ವಿದ್ಯೆ ಇದು. ಎಲ್ಲ ಯಂತ್ರಗಳು ಬಂದ ಮೇಲೂ ಈ ಬೆರಳಿಗೆ ಬೆಲೆ ಕಡಿಮೆಯಾಗಿಲ್ಲ. ಕರೆಂಟು ಹೋದರೂ ಅದು ಕೆಲಸ ಮಾಡುತ್ತದೆ.

ಎಕ್ಸ್‌ರೇಯಲ್ಲಿ ಪಕ್ಕೆ ಮತ್ತು ವಪೆ ಕೂಡುವ ಚೂಪಾದ ಮೂಲೆ ಬೆಳ್ಳಗೆ ಮುಚ್ಚಿಹೋಗಿರುತ್ತದೆ. ನೀರು ಎಷ್ಟಿದೆ, ತೆಳುವೋ ಗಟ್ಟಿಯೋ ಎಂಬುದನ್ನು ಸ್ಕ್ಯಾನಿಂಗ್ ಹೇಳುತ್ತದೆ. ಆದರೆ ಯಾವ ರೋಗದ ನೀರು ಎಂದು ಎರಡೂ ಹೇಳಲಾರವು. ಅದಕ್ಕೆ ಸೂಜಿಯೇ ಬೇಕು.

ಹುಡುಗಿಯನ್ನು ದಿಂಬು ತಬ್ಬಿಸಿ ಮುಂದಕ್ಕೆ ಬಾಗಿಸಿ ಕೂರಿಸುತ್ತಾರೆ. ಬೆನ್ನಿಗೆ ಮರಗಟ್ಟಿಸುವ ಮದ್ದು. ಸೂಜಿ ಇಳಿಯುವುದು ಪಕ್ಕೆಲುಬಿನ ಮೇಲಂಚಿಗೆ ತಾಗಿಕೊಂಡು. ಕೆಳಂಚಿನಲ್ಲಿ ರಕ್ತನಾಳವೂ ನರವೂ ಸಾಗುತ್ತವೆ. ಸಿರಿಂಜಿನೊಳಗೆ ಮೆಲ್ಲಗೆ ಏರುವ ನೀರಿಗೆ ಒಣಗಿದ ಜೋಳದ ಕಣಿಕೆಯ ಬಣ್ಣ. ಕೀವಾಗಿದ್ದರೆ ಲೆಕ್ಕವೇ ಬೇರೆ, ನ್ಯುಮೋನಿಯಾದ ದಾರಿ ಹಿಡಿಯಬೇಕಿತ್ತು.

ಪ್ರಯೋಗಾಲಯದಲ್ಲಿ ಆ ನೀರು ಹೇಳುವುದೆಲ್ಲ ಸುತ್ತುಬಳಸು ಮಾತು. ಪ್ರೋಟೀನ್ ಹೆಚ್ಚು. ಬಿಳಿರಕ್ತಕಣಗಳಲ್ಲಿ ಲಿಂಫೋಸೈಟುಗಳದೇ ಮೇಲುಗೈ. ಎ.ಡಿ.ಎ. ಎಂಬ ಕಿಣ್ವ 40 ಯುನಿಟ್ ದಾಟಿದ್ದರೆ ಕ್ಷಯದ ಅನುಮಾನ ಬಲವಾಗುತ್ತದೆ. ಕೀವಿನಲ್ಲೂ ಅದು ಏರುವುದರಿಂದ ಕಣಗಳ ಲೆಕ್ಕವನ್ನು ಪಕ್ಕದಲ್ಲಿಟ್ಟೇ ಓದಬೇಕು. ರೋಗಾಣು ಮಾತ್ರ ಸುಲಭಕ್ಕೆ ಕೈಗೆ ಸಿಗದು. 1882ರಲ್ಲಿ ರಾಬರ್ಟ್ ಕಾಕ್ ಕಂಡುಹಿಡಿದ ಆ ಕ್ರಿಮಿ ಇಲ್ಲಿರುವುದೇ ಬೆರಳೆಣಿಕೆಯಷ್ಟು. ಅದರ ವಿರುದ್ಧ ದೇಹವೇ ಕೆರಳಿ ಸುರಿಸಿದ ನೀರು ಇದು. ರೋಗಾಣುವಿನ ಗುರುತು ಹುಡುಕುವ ಸಿ.ಬಿ.ನಾಟ್ ಯಂತ್ರದಲ್ಲಿ ಪಾಸಿಟಿವ್ ಬಂದರೆ ಪ್ರಶ್ನೆ ಮುಗಿಯಿತು, ನೆಗೆಟಿವ್ ಬಂದರೆ ಮುಗಿಯುವುದಿಲ್ಲ. ಕ್ಷಯದ ಸೋಂಕು ತಿಳಿಯಲು ಮುಂಗೈಗೆ ಹಾಕಿದ ಮಾಂಟೂ ಸೂಜಿಯ ಗಂಟು ಎರಡು ಮೂರು ದಿನಕ್ಕೆ 10 ಮಿ.ಮೀ. ಆದರೆ ಅದೂ ಒಂದು ಸಾಕ್ಷಿ. ಸೊರಗಿದ ಮಗುವಿನಲ್ಲಿ ಅದು ಏಳದೆಯೂ ಇರಬಹುದು. ನೆಗೆಟಿವ್ ಚೀಟಿ ಹಿಡಿದು ‘ಟಿ.ಬಿ. ಇಲ್ಲಂತ’ ಎಂದು ಊರಿಗೆ ಮರಳುವುದು ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮೋಸ ಎಂದು ನನಗನ್ನಿಸುತ್ತದೆ.

ಆದ್ದರಿಂದ ಯಾವ ಯಂತ್ರಕ್ಕೂ ಬಾರದ ಒಂದು ಪ್ರಶ್ನೆ ಉಳಿಯುತ್ತದೆ.

“ಮನ್ಯಾಗ ಯಾರರೆ ಕೆಮ್ಮತಾರೇನವಾ?”

ತಾಯಿ ತಡೆದು ತಡೆದು ಹೇಳುತ್ತಾಳೆ: “ನಮ್ಮ ಮಾವಾರು ಕೆಮ್ಮತಾರರೀ. ಅವರದು ಕಲ್ಲಿನ ಧೂಳಿಂದು, ಹಳೇ ಕೆಮ್ಮು.”

ಧೂಳಿನ ಕೆಮ್ಮಿನ ಮರೆಯಲ್ಲಿ ಕ್ಷಯ ಅಡಗಿರುವುದು ಹೊಸದಲ್ಲ. ಕಲ್ಲಿನ ಪುಡಿ ಕೂತ ಶ್ವಾಸಕೋಶಕ್ಕೆ ಈ ರೋಗ ಬೇಗ ಅಂಟುತ್ತದೆ. ಮೊಮ್ಮಗಳು ಅಜ್ಜನ ಮಗ್ಗುಲಲ್ಲೇ ಮಲಗುವವಳು. ಹುಟ್ಟಿದಾಗ ಹಾಕಿದ ಬಿ.ಸಿ.ಜಿ. ಮಕ್ಕಳನ್ನು ಮಿದುಳಿನ ಕ್ಷಯದಂಥ ಘೋರ ರೂಪಗಳಿಂದ ಕಾಯುತ್ತದೆ, ಪಕ್ಕಡಿಯ ನೀರನ್ನು ತಡೆಯುವ ಭರವಸೆ ಕೊಡುವುದಿಲ್ಲ. ಇಂಥ ಮಗು ಯಾರಿಗೂ ರೋಗ ಹಂಚುವುದು ಅಪರೂಪ. ಹಂಚಿದವರು ಮನೆಯಲ್ಲಿದ್ದಾರೆ.

ಬೆರಳು, ಚಿತ್ರ, ನೀರು, ಅಜ್ಜ: ಎಲ್ಲವನ್ನೂ ಕೂಡಿಸಿ ತೀರ್ಮಾನ. ಆರು ತಿಂಗಳ ಔಷಧ. ಮೊದಲೆರಡು ತಿಂಗಳು ನಾಲ್ಕು ಬಗೆ, ಆಮೇಲೆ ಮೂರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಗಾಬರಿ ಬೇಡ. ಜ್ವರ ಕೆಲವೇ ವಾರದಲ್ಲಿ ಇಳಿಯುತ್ತದೆ. ಜ್ವರ ಇಳಿಯಿತೆಂದು ಗುಳಿಗೆ ನಿಲ್ಲಿಸಬಾರದು, ಗುಳೆ ಹೊರಟರೂ ಬಿಡಬಾರದು. ಕ್ಷಯ ರೋಗಿಗಳ ಸರ್ಕಾರಿ ದಾಖಲೆ ನಿಕ್ಷಯ್‌ನಲ್ಲಿ ದಾಖಲಾದ ಸಂಖ್ಯೆ ಕೈಯಲ್ಲಿದ್ದರೆ ಗೋವಾದ ಸರ್ಕಾರಿ ಆಸ್ಪತ್ರೆಯಲ್ಲೂ ಔಷಧ ಮುಂದುವರಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಕ್ಕೂ ದುಡ್ಡು ಕೊಡಬೇಕಿಲ್ಲ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ.

ಎರಡು ವಾರ ದಾಟಿದ ಜ್ವರ, ಒಂದೇ ಕಡೆಯ ಪಕ್ಕಡಿ ನೋವು ಇರುವ ಮಗುವಿಗೆ ಇನ್ನೊಂದು ಬಾಟಲಿ ಕೆಮ್ಮಿನ ಔಷಧ ತರುವ ಬದಲು ಎಕ್ಸ್‌ರೇ ಮಾಡಿಸಿ. ಕಫದ ಡಬ್ಬಿ ಹಿಡಿದು ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಒಳಗೆ ಕರೆಯಿರಿ, ಅಜ್ಜನ ಕೈಗೂ ಒಂದು ಡಬ್ಬಿ ಕೊಡಿಸಿ.