ಮಳೆ ನಿಂತ ಮೇಲೆ ಮುಂಬಯಿ

ಪಂಚಾಂಗದಲ್ಲಿ ಋತುಗಳು ಆರು. ಶಾಲೆಯ ಪಾಠದಲ್ಲಿ ಕಾಲಗಳು ಮೂರು. ಭಾರತೀಯ ಹವಾಮಾನ ಇಲಾಖೆ ಮಾತ್ರ ವರ್ಷವನ್ನು ನಾಲ್ಕು ಪಾಲು ಮಾಡುತ್ತದೆ: ಜನವರಿ-ಫೆಬ್ರುವರಿಯ ಚಳಿ, ಮಾರ್ಚ್‌ನಿಂದ ಮೇವರೆಗಿನ ಬೇಸಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು, ಆಮೇಲಿನ ಮೂರು ತಿಂಗಳ ಹಿಂಗಾರು. ಕುಮಟಾ ತಾಲೂಕಿನ ಮಿರ್ಜಾನ ಸೀಮೆಯ ಹಿಂದಿನ ಬದುಕಿಗೆ ಹೆಚ್ಚು ಒಪ್ಪುವುದು ಈ ನಾಲ್ಕರ ಲೆಕ್ಕವೇ. ಅಲ್ಲಿ ಕಾಲವೆಂದರೆ ಬಿಸಿಲು ಚಳಿಗಳ ಮಾತಷ್ಟೇ ಆಗಿರಲಿಲ್ಲ. ಊರು ಬಿಡುವುದು ಯಾವಾಗ, ಮರಳಿ ಬರುವುದು ಯಾವಾಗ ಎಂಬುದನ್ನೂ ಅದೇ ತೀರ್ಮಾನಿಸುತ್ತಿತ್ತು.

ಹಾಗೆ ಊರು ಬಿಟ್ಟವರಲ್ಲಿ ಬಹಳ ಮಂದಿ ಸೇರಿದ್ದು ಇನ್ನೊಂದು ಕಡಲ ನಗರವಾದ ಮುಂಬಯಿಯನ್ನು. ಉತ್ತರ ಕನ್ನಡದ ಕರಾವಳಿಗೂ ಮುಂಬಯಿಗೂ ಈ ನಂಟು ಬೆಳೆದದ್ದು ಹೇಗೆ? ಬೆಂಗಳೂರು, ಮೈಸೂರುಗಳಿಗಿಂತ ಅದೇ ಏಕೆ ಹತ್ತಿರವಾಯಿತು?

ಮಿರ್ಜಾನಕ್ಕೆ ವಲಸೆ ಹೊಸದಲ್ಲ. ಅಘನಾಶಿನಿ ನದಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಅಳಿವೆಯ ಬಳಿಯ ಈ ಊರು 16ನೇ ಶತಮಾನದಲ್ಲಿ ಕಾಳುಮೆಣಸಿನ ಬಂದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಇಲ್ಲಿನ ಜಂಬಿಟ್ಟಿಗೆ ಕಲ್ಲಿನ ಕೋಟೆಯನ್ನು ಇಂದಿಗೂ ನೋಡಬಹುದು. ಪೋರ್ಚುಗೀಸರ ಆಳ್ವಿಕೆಗೆ ಹೆದರಿ ಗೋವೆಯಿಂದ ಹೊರಟ ಕುಟುಂಬಗಳು ನೆಲೆ ಕಂಡುಕೊಂಡದ್ದೂ ಇದೇ ಕರಾವಳಿಯಲ್ಲಿ. ಅಂದರೆ ಮುಂಬಯಿಗೆ ಹೋದವರಲ್ಲಿ ಅನೇಕರು ಹಿಂದೊಮ್ಮೆ ಇಲ್ಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು.

ಮುಂಬಯಿಯ ದಾರಿ ತೆರೆದದ್ದು ಹತ್ತಿ. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಮುಂದೆ ಗಾಡಿಗಳಲ್ಲಿ, ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾದಾಗ ಈ ಬಂದರುಗಳ ಬೆಲೆ ಒಮ್ಮೆಲೇ ಏರಿತು. ಹತ್ತಿಯ ಹೊಲ, ಸಾಗಿಸುವ ಬಂದರು ಎರಡೂ ಒಂದೇ ಆಡಳಿತದಲ್ಲಿರಬೇಕೆಂದು ವರ್ತಕರು ಬಯಸಿದ್ದರು. 1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು.

ಕಾಗದದ ಮೇಲಿನ ಈ ಬದಲಾವಣೆಯ ಪರಿಣಾಮ ಮನೆಮನೆಗೂ ತಟ್ಟಿತು. ಹೈಕೋರ್ಟು, ವಿಶ್ವವಿದ್ಯಾಲಯ, ದೊಡ್ಡ ಕಚೇರಿ ಎಲ್ಲವೂ ಮುಂಬಯಿಯಲ್ಲಿ. ಓದಬೇಕಾದವನು, ವಕೀಲನಾಗಬೇಕಾದವನು, ಗುಮಾಸ್ತಿಕೆ ಹುಡುಕುವವನು ಅತ್ತಲೇ ಮುಖ ಮಾಡಿದ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ, ಸುಮಾರು ತೊಂಬತ್ತನಾಲ್ಕು ವರ್ಷ, ಈ ಜಿಲ್ಲೆಯ ರಾಜಧಾನಿ ಮುಂಬಯಿಯೇ. ಮೂರು ತಲೆಮಾರಿನ ಅಭ್ಯಾಸ ಒಂದು ಸರಕಾರಿ ಆದೇಶದಿಂದ ಬದಲಾಗುವುದುಂಟೆ? ಹೊಸ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನೌಕರಿ ಹುಡುಕುವ ಹುಡುಗರು ಮುಂಬಯಿಗೆ ಹೋಗುವುದು ನಿಲ್ಲಲಿಲ್ಲ.

ಹೋಗುವ ದಾರಿ ಸಮುದ್ರದ್ದು. ಸಮುದ್ರಕ್ಕೋ ನಾಲ್ಕು ತಿಂಗಳು ಬೀಗ. ಮೇ ಕೊನೆಗೆ ಗಾಳಿ ತಿರುಗಿತೆಂದರೆ ಸಣ್ಣ ಬಂದರುಗಳಲ್ಲಿ ಹಡಗಿನ ಓಡಾಟ ನಿಲ್ಲುತ್ತಿತ್ತು. ದೋಣಿಗಳು ದಡವೇರಿ ಮಡಲಿನ ಹೊದಿಕೆಯಡಿ ಮಲಗುತ್ತಿದ್ದವು. ಮಳೆಗಾಲದ ಅರಬ್ಬಿ ಸಮುದ್ರದೊಡನೆ ಸರಸ ಸಲ್ಲ ಎಂಬುದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ‘ರಾಮದಾಸ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿದಾಗ ಸತ್ತವರು ಆರುನೂರಕ್ಕೂ ಹೆಚ್ಚು. ಅದು ಕೆಲವೇ ತಾಸುಗಳ ಪ್ರಯಾಣವಾಗಿತ್ತು.

ಶ್ರಾವಣದ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಅಲೆ ಇಳಿದ ಮೇಲೆಯೇ ಮತ್ತೆ ಪ್ರಯಾಣದ ಮಾತು. ಹೀಗಾಗಿ ಹೊಸದಾಗಿ ಮುಂಬಯಿಗೆ ಸಂಸಾರ ಹೂಡುವವರು ಹೊರಡುತ್ತಿದ್ದುದು ಮಳೆ ನಿಂತ ಮೇಲೆ. ನಡುವೆ ತುರ್ತು ಬಂದರೆ ಘಟ್ಟ ಹತ್ತಿ ಹುಬ್ಬಳ್ಳಿ ಸೇರಿ ರೈಲು ಹಿಡಿಯಬೇಕು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬರುವ ಮುನ್ನ ಆ ಅನುಕೂಲವೂ ಇರಲಿಲ್ಲ. (ಅದೇ ರೈಲು ಹತ್ತಿಯನ್ನು ಗೋವೆಯ ಮುರಗಾಂವ ಬಂದರಿನತ್ತ ಎಳೆದೊಯ್ದು ಕುಮಟಾದ ವ್ಯಾಪಾರವನ್ನು ಇಳಿಸಿತು ಎಂಬುದು ಬೇರೆ ಕತೆ. ವ್ಯಾಪಾರ ಇಳಿದಷ್ಟೂ ಊರು ಬಿಡುವವರು ಹೆಚ್ಚಾದರು.)

ಮುಂಬಯಿಯಲ್ಲಿ ಇಳಿದವರಿಗೆ ಎದುರಾದ ಮೊದಲ ಕಷ್ಟ ಹವೆಯದಲ್ಲ, ಸೂರಿನದು. ಬಾಡಿಗೆ ದುಬಾರಿ, ಕೋಣೆ ಇಕ್ಕಟ್ಟು. 1896ರಲ್ಲಿ ಪ್ಲೇಗು ಹಬ್ಬಿದಾಗ ಲಕ್ಷಗಟ್ಟಲೆ ಜನ ನಗರ ಬಿಟ್ಟು ಊರುಗಳಿಗೆ ಓಡಿದ್ದರು. ಸಾಲಕ್ಕೂ ಮನೆಗೂ ತಮ್ಮವರೇ ತಮಗೆ ದಿಕ್ಕು ಎಂಬ ಯೋಚನೆಯಿಂದ ಹುಟ್ಟಿದ್ದು ಸಹಕಾರಿ ಸಂಸ್ಥೆಗಳು. ಕೆನರಾದಿಂದ ಹೋದ ಸಾರಸ್ವತರ ಮುಂದಾಳು ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಆರಂಭಿಸಿದರು. ಅದು ಹೊತ್ತಿರುವುದು ಶಾಮರಾವ್ ವಿಠಲ್ ಕಾಯ್ಕಿಣಿ ಅವರ ಹೆಸರನ್ನು. ಕಾಯ್ಕಿಣಿ ಎಂಬುದು ಭಟ್ಕಳ ತಾಲೂಕಿನ ಒಂದು ಊರು. 1915ರಲ್ಲಿ ಗಾಮದೇವಿಯಲ್ಲಿ ತಲೆಯೆತ್ತಿದ ಸಾರಸ್ವತ ಗೃಹನಿರ್ಮಾಣ ಸಹಕಾರ ಸಂಘವನ್ನು ಏಷ್ಯಾದಲ್ಲೇ ಅಂಥ ಮೊದಲನೆಯದೆಂದು ಹೇಳಲಾಗುತ್ತದೆ. ಜಾತಿಯ ಬೇಲಿಯೊಳಗಿನ ಸಹಕಾರ ಎಂದು ಟೀಕಿಸಬಹುದು. ಆ ಬೇಲಿಯ ಹೊರಗಿದ್ದು ಹೋಟೆಲು, ಗಿರಣಿಗಳಲ್ಲಿ ದುಡಿಯಲು ಹೋದವರಿಗೆ ಇಂಥ ಆಸರೆ ಸುಲಭವಾಗಿರಲಿಲ್ಲ ಎಂಬುದೂ ನಿಜವೇ.

ಹವೆಯ ಮಟ್ಟಿಗೆ ಮುಂಬಯಿ ಅಪರಿಚಿತವಲ್ಲ. ಅದೇ ಸಮುದ್ರ, ಅದೇ ಬೆವರು. ಮಿರ್ಜಾನಕ್ಕೆ ಜೂನ್ ಮೊದಲ ವಾರ ಬರುವ ಮಳೆ ಸಾಮಾನ್ಯವಾಗಿ ಒಂದು ವಾರದೊಳಗೆ ಮುಂಬಯಿ ತಲುಪುತ್ತದೆ. ಕುಮಟಾ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿದರೆ ಮುಂಬಯಿಯಲ್ಲಿ ಎರಡು ಸಾವಿರ ದಾಟುತ್ತದೆ. ಬದಲಾದದ್ದು ಮಳೆಯಲ್ಲ, ಮಳೆಯ ಅರ್ಥ. ಊರಿನಲ್ಲಿ ಮೃಗಶಿರ, ಆರಿದ್ರಾ ಎಂದು ಒಂದೊಂದು ಮಳೆಗೂ ಹೆಸರಿತ್ತು, ಒಂದೊಂದಕ್ಕೂ ಗದ್ದೆಯಲ್ಲಿ ಕೆಲಸವಿತ್ತು. ಮುಂಬಯಿಯಲ್ಲಿ ಮಳೆಯೆಂದರೆ ನಿಂತ ಲೋಕಲ್ ರೈಲು, ಒದ್ದೆ ಚಪ್ಪಲಿ. ಹಿಂಗಾರಿನ ಕಾಲಕ್ಕೂ ಚಳಿಗೂ ಅಲ್ಲಿ ಹೆಸರಷ್ಟೇ ಉಳಿಯಿತು. ಬೇಸಿಗೆಯಲ್ಲಿ ಊರಿನಿಂದ ಬರುವ ಮಾವಿನಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ, ಜೋನಿ ಬೆಲ್ಲದ ಡಬ್ಬಿಗಳೇ ಕಾಲ ತಿರುಗಿದ್ದಕ್ಕೆ ಸಾಕ್ಷಿ.

ಈ ಎರಡು ಲೋಕಗಳ ನಡುವಿನ ಎಳೆದಾಟ ಕನ್ನಡ ಸಾಹಿತ್ಯಕ್ಕೆ ದೊಡ್ಡ ಲಾಭವನ್ನೇ ತಂದಿತು. ಇದೇ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ರಸಾಯನ ಉದ್ಯಮದಲ್ಲಿ ದುಡಿಯುತ್ತ ಮುಂಬಯಿಯಲ್ಲೇ ಬಾಳಿ 2014ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕತೆಗಳು ಮತ್ತೆ ಮತ್ತೆ ಹನೇಹಳ್ಳಿಗೆ ಮರಳುತ್ತವೆ. 1979ರ ‘ಶಿಕಾರಿ’ ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕವನು. ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು.

ಹೊಳೆಗಳಿಗೆ ಸೇತುವೆಗಳಾಗಿ ಬಸ್ಸುಗಳು ಓಡತೊಡಗಿದ ಮೇಲೆ ಹಡಗಿನ ಪ್ರಯಾಣ ಕ್ರಮೇಣ ನಿಂತಿತು. 1998ರ ಮೇ 1ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ರಾಷ್ಟ್ರಕ್ಕೆ ಅರ್ಪಣೆಯಾಯಿತು. ಮಿರ್ಜಾನಕ್ಕೂ ಒಂದು ನಿಲ್ದಾಣ ಬಂತು. ಸಮುದ್ರದ ಬೀಗ ಈಗ ಲೆಕ್ಕಕ್ಕಿಲ್ಲ. ಆದರೂ ಕೊಂಕಣ ರೈಲು ಪ್ರತಿವರ್ಷ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ಇಟ್ಟುಕೊಂಡು, ಗುಡ್ಡ ಕುಸಿಯುವ ಭಯದಿಂದ ವೇಗ ತಗ್ಗಿಸಿ ಓಡುತ್ತದೆ.

ಹೋದವರು ಊರಿಗೆ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ, ಮಕ್ಕಳ ಶಾಲೆಗೆ ರಜೆ ಸಿಕ್ಕಾಗ. ಮಾವು, ಹಲಸು, ಮದುವೆ, ತೇರು ಮುಗಿಸಿ ಶಾಲೆ ತೆರೆಯುವ ಹೊತ್ತಿಗೆ ಹಿಂದಿರುಗುತ್ತಾರೆ. ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ‘ಕಗ್ಗ’ ಎಂಬ ಭತ್ತ ಬೆಳೆಯುವುದು ಆಮೇಲೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆಯಬೇಕು, ಮೊಳಕೆ ಬಂದ ಬೀಜ ಬಿತ್ತಬೇಕು. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ತಳಿಗೆ ಗೊಬ್ಬರ, ಔಷಧಿ ಬೇಡ. ಬೇಕಾದದ್ದು ಹೊಳೆನೀರನ್ನು ತಡೆಯುವ ಕಟ್ಟೆಗಳು. ಅವನ್ನು ಮಳೆಗೆ ಮುಂಚೆ ಊರೆಲ್ಲ ಸೇರಿ ಮಣ್ಣು ಹಾಕಿ ಗಟ್ಟಿ ಮಾಡಬೇಕು. ಒಬ್ಬನ ಗದ್ದೆಯ ಪಕ್ಕ ಕಟ್ಟೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಆಳು ಕಡಿಮೆಯಾದಂತೆ ಕಟ್ಟೆಗಳು ಶಿಥಿಲವಾದವು. 1980, 90ರ ದಶಕಗಳಲ್ಲಿ ಸಿಗಡಿ ಕೃಷಿಯ ಲಾಭ ಕಂಡು ಅನೇಕ ಗಜನಿಗಳು ಅತ್ತ ತಿರುಗಿದವು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಕಗ್ಗದ ಬಿತ್ತನೆ ಈಗ ಉಳಿದಿರುವುದು ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿ. ಅಲ್ಲಿ ತೆನೆ ಕೊಯ್ಯುವುದು ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ.