ಓಡುವ ರೈಲಿನ ಜೊತೆ ಕುಚೇಷ್ಟೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಗೂನಾ ನಿಗೆಲ್ ಅಂತ ಒಂದು ಊರಿದೆ. 1979ರಲ್ಲಿ ಅಲ್ಲಿನ ಬಾರೊಂದರಲ್ಲಿ ಕಟ್ಟಿದ ಪಂದ್ಯದಿಂದ ಒಂದು ವಿಚಿತ್ರ ರೂಢಿ ಹುಟ್ಟಿತು: ಜುಲೈ ತಿಂಗಳ ಎರಡನೇ ಶನಿವಾರ ಜನ ಹಳಿಯ ಬದಿ ಸಾಲಾಗಿ ನಿಂತು, ಹಾದುಹೋಗುವ ರೈಲಿಗೆ ಪ್ಯಾಂಟು ಇಳಿಸಿ ಕುಂಡಿ ತೋರಿಸುತ್ತಾರೆ. ಅಸಭ್ಯ ಅನ್ನಿ, ಒಪ್ಪೋಣ. ಆದರೆ ಈ ಚೇಷ್ಟೆಯಲ್ಲಿ ಯಾರ ಕೈಯಿಂದಲೂ ರೈಲಿನತ್ತ ಏನೂ ಹಾರುವುದಿಲ್ಲ. ತಮಾಷೆಗೂ ಅಪಾಯಕ್ಕೂ ನಡುವಿನ ಗೆರೆ ಅಲ್ಲೇ ಇದೆ.

ಈಗ ನಮ್ಮ ಕಡೆ ಬನ್ನಿ. ಮೀರಜ್–ಲೋಂಡಾ ಮಾರ್ಗ ಘಟಪ್ರಭಾ, ಗೋಕಾಕ ರೋಡ್, ಹುಕ್ಕೇರಿ ತಾಲ್ಲೂಕಿನ ಪಾಶ್ಚಾಪುರ ದಾಟಿ ಹೋಗುತ್ತದೆ. ಮೂಡಲಗಿ ಕಡೆಯವರೂ ಇದರಲ್ಲೇ ಓಡಾಡುತ್ತಾರೆ. ಹೋಳಿಯಲ್ಲಿ ಓಡುವ ರೈಲಿಗೆ ಬಣ್ಣದ ನೀರಿನ ಬಲೂನು ಎಸೆದರೆ ಏನು ಮಹಾ, ನೀರೇ ತಾನೇ ಅನ್ನುವವರುಂಟು. ಲೆಕ್ಕ ಹಾಕಿ. ರೈಲು ಗಂಟೆಗೆ 110 ಕಿ.ಮೀ. ವೇಗದಲ್ಲಿದ್ದರೆ, ಎದುರಿಗೆ ಸುಮ್ಮನೆ ತೂಗಿಬಿಟ್ಟ ಬಲೂನೂ ಸುಮಾರು 48 ಮೀಟರ್ ಎತ್ತರದಿಂದ ಬಿದ್ದಷ್ಟೇ ಜೋರಾಗಿ ಬಡಿಯುತ್ತದೆ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್! ಬಾಗಿಲಲ್ಲಿ ನಿಂತವರ ಕಣ್ಣಿಗೆ ಅದು ತಗುಲಿದರೆ?

ಹಬ್ಬದ ಹುರುಪಿಗೆ ಜೈಲು ಅತಿಯಾಯಿತು ಅನ್ನುವ ಮಾತೂ ಇದೆ. ಆದರೆ ಕಾನೂನು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 1989ರ ರೈಲ್ವೆ ಕಾಯ್ದೆಯ 154ನೇ ಕಲಂ ಪ್ರಕಾರ, ಪ್ರಯಾಣಿಕರಿಗೆ ಅಪಾಯ ತರುವ ದುಡುಕಿಗೆ ಒಂದು ವರ್ಷದವರೆಗೆ ಸಜೆ, ಇಲ್ಲವೇ ದಂಡ. ಅಪಾಯವಾದೀತೆಂದು ಗೊತ್ತಿದ್ದೂ ಎಸೆದವರಿಗೆ 152ನೇ ಕಲಂ. ಅಲ್ಲಿ ಶಿಕ್ಷೆ ಜೀವಾವಧಿಯವರೆಗೂ ಹೋಗುತ್ತದೆ. ಕೈಬೀಸಿ ಕೇಕೆ ಹಾಕುವುದನ್ನು ಈ ಎರಡೂ ಕಲಂ ಮುಟ್ಟುವುದಿಲ್ಲ.