ಪರದೇಶ ಪ್ರಯಾಣವೂ ಹಳೆಯ ಖಟ್ಲೆಯೂ

ಕಳೆದ ವಾರ ತರುಣನೊಬ್ಬನು ನಮ್ಮ ಕಚೇರಿಯ ಮೆಟ್ಟಿಲೇರಿ ಬಂದನು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಮಾಣಿಯಾಗಿ ಸೇರಿ, ಸ್ವಂತ ಪರಿಶ್ರಮದಿಂದ ಗಲ್ಲೆಯವರೆಗೆ ಏರಿದವನು. ದುಬೈಯ ಹೋಟೆಲೊಂದರಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಆದರೂ ಮುಖದಲ್ಲಿ ಗೆಲುವಿರಲಿಲ್ಲ.

"ಧಣಿಗಳೇ, ಮೂರು ವರ್ಷದ ಹಿಂದಿನ ಆ ಹೊಡೆದಾಟದ ಖಟ್ಲೆ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಖಟ್ಲೆ ಇಲ್ಲವೆಂದೇ ಬರೆ, ಯಾರಿಗೂ ತಿಳಿಯದು ಎನ್ನುತ್ತಾನೆ ಏಜೆಂಟ. ಬರೆಯಲೇ?" ಎಂದು ಕೇಳಿದನು.

ಬರೆಯಕೂಡದು ಎಂದೆವು. ಇಂತಹ ಸಂಕಟದಲ್ಲಿರುವವನು ಅವನೊಬ್ಬನೇ ಅಲ್ಲವಾದುದರಿಂದ, ಅವನಿಗೆ ಹೇಳಿದುದನ್ನೇ ವಾಚಕರ ಮುಂದಿಡುತ್ತೇವೆ.

ಪರದೇಶಕ್ಕೆ ಹೋಗುವುದು ಸರಕಾರದ ಕೃಪೆಯಲ್ಲ, ಪ್ರಜೆಯ ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತಿತು. 1978ರ ಮೇನಕಾ ಗಾಂಧಿ ಖಟ್ಲೆಯಲ್ಲಿ ಅದನ್ನು ಇನ್ನಷ್ಟು ದೃಢಪಡಿಸಿತು. 1967ರ ಪಾಸ್‌ಪೋರ್ಟ್ ಕಾಯಿದೆಯು ಈ ಹಕ್ಕಿಗೆ ಕೆಲವು ಕಟ್ಟುಗಳನ್ನು ಹಾಕಿದೆ. ಅವನ್ನು ಸರಿಯಾಗಿ ಅರಿತವನಿಗೆ ಅರ್ಧ ಭಯ ಹೋಗುತ್ತದೆ.

ಮೊದಲನೆಯದಾಗಿ, ಪೋಲೀಸು ಠಾಣೆಯಲ್ಲಿ ದೂರು ದಾಖಲಾದ ಮಾತ್ರಕ್ಕೆ ಖಟ್ಲೆ ಬಾಕಿ ಇದೆಯೆಂದು ಎಣಿಸುವುದಿಲ್ಲ. ನ್ಯಾಯಾಲಯವು ಅದನ್ನು ವಿಚಾರಣೆಗೆ ಅಂಗೀಕರಿಸಿರಬೇಕು. ವಿದೇಶಾಂಗ ಖಾತೆಯು 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಎರಡನೆಯದಾಗಿ, ನ್ಯಾಯಾಲಯದಲ್ಲಿ ಖಟ್ಲೆ ನಡೆಯುತ್ತಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1993ರ ಸರಕಾರಿ ಪ್ರಕಟಣೆಯ ಮೇರೆಗೆ, ಅದೇ ನ್ಯಾಯಾಲಯದಿಂದ ಪರದೇಶ ಪ್ರಯಾಣಕ್ಕೆ ಅಪ್ಪಣೆ ಪಡೆದು ಆ ಆದೇಶವನ್ನು ಸಲ್ಲಿಸಿದರೆ ಪಾಸ್‌ಪೋರ್ಟ್ ದೊರೆಯುತ್ತದೆ. ಆದೇಶದಲ್ಲಿ ಅವಧಿ ಹೇಳಿದ್ದರೆ ಅಷ್ಟು ಕಾಲಕ್ಕೆ, ಹೇಳದಿದ್ದರೆ ಒಂದು ವರ್ಷಕ್ಕೆ. ಕರೆದಾಗ ಹಾಜರಾಗುವೆನೆಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕು.

ಮೂರನೆಯದಾಗಿ, ಶಿಕ್ಷೆಯಾದವರ ಸಂಗತಿ. ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಸಜೆಯು, ಅರ್ಜಿಯ ಹಿಂದಿನ ಐದು ವರ್ಷಗಳೊಳಗೆ ಆಗಿದ್ದರೆ ಅದು ಪಾಸ್‌ಪೋರ್ಟಿಗೆ ಅಡ್ಡಿ. ಯಾವುದೋ ಕಾಲದಲ್ಲಿ ದಂಡ ಕಟ್ಟಿದವನು ಜನ್ಮವಿಡೀ ಹೆದರಬೇಕಾಗಿಲ್ಲ.

ನಮ್ಮ ತರುಣನದು ಸಾಧಾರಣ ಪೆಟ್ಟಿನ ಖಟ್ಲೆ. ಪೆಟ್ಟು ತಿಂದವನು ಒಪ್ಪಿದರೆ ಇಂತಹುದನ್ನು ಕಾನೂನಿನಂತೆಯೇ ರಾಜಿಯಲ್ಲಿ ಮುಗಿಸಬಹುದು; ಆ ರಾಜಿಗೆ ಖುಲಾಸೆಯ ಫಲವೇ ಉಂಟು. ಈ ದಾರಿಯಿರುವಾಗ ಕಳ್ಳದಾರಿಯೇಕೆ? ಅರ್ಜಿಯಲ್ಲಿ ಸತ್ಯವನ್ನು ಮರೆಮಾಚಿದರೆ ಎರಡು ವರ್ಷದವರೆಗೆ ಸಜೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಣ್ಣ ಖಟ್ಲೆಯನ್ನು ಅಡಗಿಸಲು ಹೋಗಿ ದೊಡ್ಡ ಖಟ್ಲೆಯನ್ನು ತಂದುಕೊಂಡಂತೆ.

ವೀಸಾದ ಮಾತು ಬೇರೆ. ಪಾಸ್‌ಪೋರ್ಟ್ ನಮ್ಮ ಸರಕಾರದ್ದು, ವೀಸಾ ಪರರಾಷ್ಟ್ರದ್ದು. ಕೊಡುವುದೂ ಬಿಡುವುದೂ ಅವರ ಇಚ್ಛೆ. ಅಮೇರಿಕದ ಅರ್ಜಿಯು ಶಿಕ್ಷೆಯನ್ನು ಮಾತ್ರವಲ್ಲ, ಎಂದಾದರೂ ಬಂಧನವಾಗಿತ್ತೇ ಎಂಬುದನ್ನೂ ಕೇಳುತ್ತದೆ. ಕ್ಷಮಾದಾನ ಪಡೆದಿದ್ದರೂ ಹೇಳಲೇಬೇಕು. ಬ್ರಿಟನ್ನಿನಲ್ಲಿ 12 ತಿಂಗಳು ಅಥವಾ ಹೆಚ್ಚಿನ ಸಜೆಯಾದವನ ಅರ್ಜಿ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಅಲ್ಲಿ ಹತ್ತು ವರ್ಷ ಪ್ರವೇಶ ತಪ್ಪಬಹುದು; ಅಮೇರಿಕದಲ್ಲಿ ಆಜೀವ ಪರ್ಯಂತ ತಪ್ಪಬಹುದು. ಕೊಲ್ಲಿಯ ಕೆಲವು ರಾಷ್ಟ್ರಗಳು ಕೆಲಸಕ್ಕೆ ಬರುವವರಿಂದ ಪೋಲೀಸು ನಿರಾಕ್ಷೇಪಣಾ ಪತ್ರವನ್ನೇ ಕೇಳುತ್ತವೆ. ಅಲ್ಲಿ ಏಜೆಂಟನ ಬಾಯಿಮಾತು ನಡೆಯದು.

ಆದುದರಿಂದ, ಖಟ್ಲೆ ಮುಗಿದವರು ತೀರ್ಪಿನ ದೃಢೀಕೃತ ನಕಲನ್ನು ತೆಗೆದಿಟ್ಟುಕೊಳ್ಳಲಿ. ಮುಗಿಯದವರು ಮೊದಲು ವಕೀಲರನ್ನು ಕಾಣಲಿ, ಏಜೆಂಟನಿಗೆ ಹಣ ಕೊಡುವುದು ಆಮೇಲಾಗಲಿ. ಕೇಳಿದ ಪ್ರಶ್ನೆಗೆ ನಿಜವನ್ನೇ ಬರೆದು, ಕಾಗದಪತ್ರಗಳನ್ನು ಲಗತ್ತಿಸಲಿ.

ನಮ್ಮ ತರುಣನು ಈಗ ವಕೀಲರನ್ನು ಕಂಡಿದ್ದಾನೆ. ದುಬೈಯ ಧಣಿಗಳು ಅಷ್ಟು ದಿನ ಕಾಯುವರೋ ಇಲ್ಲವೋ ಎಂಬ ಚಿಂತೆ ಅವನಿಗಿದೆ. ಊರಿನ ಸೊಸೈಟಿಯ ಸಾಲದ ಕಂತು ಕಾಯುವುದಿಲ್ಲವಷ್ಟೆ. ಈ ಕೆಲಸ ತಪ್ಪಿದರೂ ತಪ್ಪೀತು. ಆದರೆ ನಿಜ ಬರೆದವನಿಗೆ ಮತ್ತೊಮ್ಮೆ ಅರ್ಜಿ ಹಾಕುವ ಅವಕಾಶ ಉಳಿಯುತ್ತದೆ. ಅವನು ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಹಿಂತಿರುಗಲೆಂದು ಹಾರೈಸುತ್ತೇವೆ.